ಇಂದಿನ ಧಮ್ಮ ಚಿಂತನೆ: ದಾರಿ ಹಾಕುವಷ್ಟು ನಮ್ಮ ಕೈಯಲ್ಲಿದೆ





ದೀಘನಿಕಾಯದ ಮೊದಲನೆಯ ಸುತ್ತ ಬ್ರಹ್ಮಜಾಲ. ಅದರಲ್ಲಿ ಆ ಕಾಲದ ಆಟಗಳ ಒಂದು ಉದ್ದನೆಯ ಪಟ್ಟಿ ಬರುತ್ತದೆ. ಎಂಟು ಸಾಲಿನ ಹಲಗೆ ಆಟ, ಹತ್ತು ಸಾಲಿನ ಹಲಗೆ ಆಟ, ಹಲಗೆಯೇ ಇಲ್ಲದೆ ಮನಸ್ಸಿನಲ್ಲೇ ಆಡುವ ಆಟ, ನೆಲದ ಮೇಲೆ ಗೆರೆ ಎಳೆದು ಆಡುವ ನಮ್ಮ ಕುಂಟೆಬಿಲ್ಲೆಯಂಥ ಆಟ, ದಾಳ, ಆಟಿಕೆ ಬಿಲ್ಲು, ಆಟಿಕೆ ರಥ. ಇವುಗಳಿಂದ ಸಮಣ ಗೋತಮರು ದೂರ ಇದ್ದಾರೆ ಎಂದು ಜನ ಹೊಗಳುತ್ತಾರೆ, ಆದರೆ ಹೀಗೆ ಹೊಗಳುವವರು ಸಣ್ಣ ಸಂಗತಿಯನ್ನಷ್ಟೇ ಕಂಡಿದ್ದಾರೆ ಎಂಬ ಮಾತೂ ಅಲ್ಲೇ ಇದೆ.

ಈ ಭಾಗ ಓದಿದ ದಿನ ನಮ್ಮ ಬಳಗದ ಕಿರಿಯರೊಬ್ಬರು ಕೇಳಿದರು: "ಹಾಗಾದರೆ ಮೊಬೈಲಿನಲ್ಲಿ ಗೇಮ್ ಆಡಿದರೆ ಶೀಲ ಕೆಡುತ್ತದೆಯೇ?" ಕೆಲವರು ನಕ್ಕರು. ನನಗೆ ಮಾತ್ರ ಅದು ಉತ್ತರ ಕೊಡಲೇಬೇಕಾದ ಪ್ರಶ್ನೆ ಅನ್ನಿಸಿತು. ನಮ್ಮ ಎಷ್ಟೋ ಜನರ ದಿನದ ಒಂದು ಗಂಟೆ, ಎರಡು ಗಂಟೆ ಅಲ್ಲೇ ಹೋಗುತ್ತಿದೆ. ಇವತ್ತಿನ ಚಿಂತನೆ ಬರೆಯುವ ಸರದಿ ನನ್ನದು. ನನಗೆ ಚೆನ್ನಾಗಿ ಗೊತ್ತಿರುವ ಒಂದು ಆಟವನ್ನೇ ಮುಂದಿಟ್ಟುಕೊಂಡು ನೋಡೋಣ.

*ಶೀಲದ ಮಾತು ಮೊದಲು*

ಬ್ರಹ್ಮಜಾಲದ ಪಟ್ಟಿ ಮನೆ ಬಿಟ್ಟು ಹೋದವರ ಬಾಳಿಗೆ ಸಂಬಂಧಿಸಿದ್ದು. ಗೃಹಸ್ಥರಾದ ನಾವು ತೆಗೆದುಕೊಳ್ಳುವ ಪಂಚಶೀಲದಲ್ಲಿ ಆಟದ ಹೆಸರಿಲ್ಲ. ಗೃಹಸ್ಥರಿಗೆಂದೇ ಹೇಳಿದ ಸಿಗಾಲೋವಾದ ಸುತ್ತದಲ್ಲಿ ಸಂಪತ್ತು ಹಾಳಾಗುವ ಆರು ದಾರಿಗಳಲ್ಲಿ ಜೂಜು ಒಂದು. ಹಾಗಾಗಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳ ವಿಷಯದಲ್ಲಿ ಅನುಮಾನವೇ ಬೇಡ.

ಉಳಿದ ಆಟಗಳಿಗೆ ಅಳತೆಗೋಲು ಐದನೆಯ ಶೀಲದಲ್ಲೇ ಇದೆ. ಅಲ್ಲಿ ಮದ್ಯವನ್ನು ಬಿಡಲು ಹೇಳುವ ಕಾರಣ 'ಪಮಾದ', ಅಂದರೆ ಎಚ್ಚರ ತಪ್ಪುವುದು. ಆಟ ಮುಗಿಸಿ ಎದ್ದಾಗ ಎಚ್ಚರ ಉಳಿದಿದೆಯೇ, ಮಂಕಾಗಿದೆಯೇ? ಒಲೆಯ ಮೇಲಿನ ಹಾಲು, ಕರೆಯುತ್ತಿರುವ ಮಗು, ಮಲಗುವ ಹೊತ್ತು ನೆನಪಿದೆಯೇ? ಇಷ್ಟು ಕೇಳಿಕೊಂಡರೆ ಉತ್ತರ ಸಿಗುತ್ತದೆ. ಅಟ್ಠಸೀಲ ಹಿಡಿಯುವ ಉಪೋಸಥದ ದಿನ ಮಾತ್ರ ಎಲ್ಲ ಆಟವನ್ನೂ ಬದಿಗಿಡುವುದು ಲೇಸು.

*ಆಟ ಯಾವುದು?*

ಹೆಸರು ಮಿನಿ ಮೋಟರ್‌ವೇಸ್. ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿರುವ ಡೈನೋಸಾರ್ ಪೋಲೋ ಕ್ಲಬ್ ಎಂಬ ಚಿಕ್ಕ ತಂಡ ಮಾಡಿದ್ದು. ರೈಲು ಮಾರ್ಗ ಎಳೆಯುವ ಮಿನಿ ಮೆಟ್ರೋ ಕೂಡ ಅವರದೇ. 2019ರಲ್ಲಿ ಆಪಲ್ ಆರ್ಕೇಡ್‌ನಲ್ಲಿ ಬಂತು, 2021ರಲ್ಲಿ ಕಂಪ್ಯೂಟರಿಗೆ ಬಂತು. ನಾನು ಆಡುವುದು ಮಗನ ಐಪ್ಯಾಡಿನಲ್ಲಿ.

ಆಟ ಸರಳ. ಖಾಲಿ ನಕ್ಷೆಯ ಮೇಲೆ ಒಂದು ಕೆಂಪು ಮನೆ, ಒಂದು ಕೆಂಪು ಕಟ್ಟಡ ಕಾಣಿಸುತ್ತದೆ. ಬೆರಳಿನಿಂದ ಅವೆರಡರ ನಡುವೆ ರಸ್ತೆ ಎಳೆಯಬೇಕು. ಪ್ರತಿ ಮನೆಗೆ ಎರಡು ಕಾರು. ಕಟ್ಟಡದ ಮೇಲೆ ಪಿನ್ ಬಿದ್ದಾಗ ಅದೇ ಬಣ್ಣದ ಮನೆಯ ಕಾರು ಹೊರಟು, ಪಿನ್ ತೆಗೆದುಕೊಂಡು, ಮನೆಗೆ ವಾಪಸಾಗುತ್ತದೆ. ನಂತರ ಒಂದು ನೀಲಿ ಮನೆ, ನೀಲಿ ಕಟ್ಟಡ, ಹಳದಿ ಮನೆ ಹೀಗೆ ಊರು ಬೆಳೆಯುತ್ತ ಹೋಗುತ್ತದೆ. ರಸ್ತೆಯ ತುಂಡುಗಳು ಎಣಿಕೆಯಷ್ಟೇ ಇರುತ್ತವೆ. ವಾರ ಮುಗಿದಾಗ ಇನ್ನಷ್ಟು ರಸ್ತೆ ಸಿಗುತ್ತದೆ, ಜೊತೆಗೆ ಎರಡು ಕೊಡುಗೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಸೇತುವೆ ಬೇಕೇ, ಸಿಗ್ನಲ್ ಬೇಕೇ? ಸರ್ಕಲ್ ಬೇಕೇ, ಎಲ್ಲದರ ಮೇಲೆ ಹಾದುಹೋಗುವ ಮೋಟರ್‌ವೇ ಬೇಕೇ? ಎರಡೂ ಸಿಗುವುದಿಲ್ಲ.

ಯಾವುದೋ ಒಂದು ಕಟ್ಟಡದಲ್ಲಿ ಪಿನ್‌ಗಳು ಮಿತಿ ಮೀರಿದರೆ ಅದರ ಸುತ್ತ ಒಂದು ವೃತ್ತ ತುಂಬತೊಡಗುತ್ತದೆ. ಬೇಗ ಕಾರು ತಲುಪಿಸಿದರೆ ವೃತ್ತ ಹಿಂದಕ್ಕೆ ಸರಿಯುತ್ತದೆ. ಪೂರ್ತಿ ತುಂಬಿತೋ, ಆಟ ಮುಗಿಯಿತು. ಊರಿನ ಉಳಿದ ಇಪ್ಪತ್ತು ಕಟ್ಟಡಗಳು ಚೆನ್ನಾಗಿ ನಡೆಯುತ್ತಿದ್ದರೂ ಅಷ್ಟೇ.

*ಇದರ ಒಳ್ಳೆಯ ಗುಣಗಳು*

ಮೊದಲನೆಯದು, ಇದು ಆಸೆ ಹಚ್ಚಿ ಎಳೆಯುವುದಿಲ್ಲ. ನಡುನಡುವೆ ಜಾಹೀರಾತಿಲ್ಲ. ನಾಣ್ಯ ಕೊಳ್ಳಿ, ಜೀವ ಕೊಳ್ಳಿ ಎಂಬ ಕಾಟವಿಲ್ಲ. ಚಂದಾ ಕಟ್ಟಿದರೆ ಮುಗಿಯಿತು. ಬೇಕಾದಾಗ ನಿಲ್ಲಿಸಿ, ಉಸಿರು ತೆಗೆದುಕೊಂಡು, ಊರನ್ನು ಪೂರ್ತಿ ನೋಡಿ, ರಸ್ತೆ ಬದಲಿಸಿ ಮುಂದುವರಿಯಬಹುದು.

ಎರಡನೆಯದು, ಹಾಕಿದ ರಸ್ತೆಯನ್ನು ಅಳಿಸಿದರೆ ಆ ತುಂಡು ನಮ್ಮ ಕೈಗೇ ವಾಪಸ್ ಬರುತ್ತದೆ. ದಂಡ ಇಲ್ಲ. ನಿನ್ನೆ ಸರಿಯಾಗಿದ್ದ ದಾರಿ ಇವತ್ತು ಸರಿಯಾಗಿಲ್ಲದಿದ್ದರೆ ಕಿತ್ತು ಬೇರೆ ಕಡೆ ಹಾಕು ಎಂದು ಆಟವೇ ಹೇಳಿಕೊಡುತ್ತದೆ. "ನಾನು ಹಾಕಿದ್ದು" ಎಂಬ ಮಮಕಾರದಿಂದ ಹಳೆಯ ರಸ್ತೆಗೆ ಅಂಟಿಕೊಂಡವರ ಊರು ಬೇಗ ಮುಗಿಯುತ್ತದೆ.

ಮೂರನೆಯದು, ಕಾರಣ ಒಂದು ಕಡೆ, ಪರಿಣಾಮ ಇನ್ನೊಂದು ಕಡೆ ಇರುವುದನ್ನು ಕಣ್ಣಾರೆ ತೋರಿಸುತ್ತದೆ. ಈಶಾನ್ಯದಲ್ಲಿ ಕೆಂಪು ಕಟ್ಟಡ ಉಸಿರುಗಟ್ಟುತ್ತಿರುತ್ತದೆ. ಹುಡುಕಿಕೊಂಡು ಹೋದರೆ ನೈಋತ್ಯದಲ್ಲಿ ನೀಲಿ ಕಾರುಗಳು ಅದೇ ರಸ್ತೆಗೆ ಸೇರುವ ಒಂದು ಕೂಡುರಸ್ತೆ ಸಿಗುತ್ತದೆ. ಅಲ್ಲಿ ಒಂದು ತುಂಡು ತೆಗೆದರೆ ಇಲ್ಲಿ ಸಾಲು ಕರಗುತ್ತದೆ. ಇದಿದ್ದರೆ ಅದುಂಟು, ಇದು ಇಲ್ಲವಾದರೆ ಅದೂ ಇಲ್ಲ ಎಂದು ನಾವು ಪಟಿಚ್ಚಸಮುಪ್ಪಾದದಲ್ಲಿ ಕಲಿತದ್ದಕ್ಕೆ ಇಷ್ಟು ಸುಲಭದ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

*ರೇಗಿಸುವ ಸಂಗತಿಗಳು*

ಹೊಸ ಮನೆ, ಹೊಸ ಕಟ್ಟಡ ಎಲ್ಲಿ ಬರುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಅಚ್ಚುಕಟ್ಟಾಗಿ ಮಾಡಿಟ್ಟ ಬಡಾವಣೆಯ ನಟ್ಟನಡುವೆ ಇನ್ನೊಂದು ಬಣ್ಣದ ಕಟ್ಟಡ ಬಂದು ಕೂರುತ್ತದೆ. ಅದರ ಬಾಗಿಲೋ, ನಮಗೆ ಬೇಡವಾದ ದಿಕ್ಕಿಗೆ. ಅದನ್ನು ಸರಿಸುವಂತಿಲ್ಲ, ಕೆಡಹುವಂತಿಲ್ಲ. ನದಿಯ ಆಚೆ ಮನೆಗಳು ಹುಟ್ಟಿದ ವಾರವೇ ಸೇತುವೆ ಸಿಗದಿರಬಹುದು.

ಎಲ್ಲಕ್ಕಿಂತ ಹೆಚ್ಚು ರೇಗಿಸುವುದು ಇದು: ಯಾವ ಕಾರಿಗೂ "ನೀನು ಈ ದಾರಿಯಲ್ಲಿ ಹೋಗು" ಎಂದು ಹೇಳಲಾಗುವುದಿಲ್ಲ. ಹೊಸದಾಗಿ ಹಾಕಿದ ರಸ್ತೆ ಖಾಲಿ ಬಿದ್ದಿರುತ್ತದೆ, ಕಾರುಗಳು ಹಳೆಯ ರಸ್ತೆಯಲ್ಲೇ ಸಾಲು ನಿಂತಿರುತ್ತವೆ. ತೆರೆಯ ಮೇಲೆ ಬೆರಳಿನಿಂದ ಎಷ್ಟು ಕುಟ್ಟಿದರೂ ಕಾರು ಕೇಳುವುದಿಲ್ಲ. ಕೇಳುವುದು ರಸ್ತೆಯ ಮಾತನ್ನು ಮಾತ್ರ.

ಕೊನೆಯದಾಗಿ, ಮಾಮೂಲಿ ಆಟದಲ್ಲಿ ಗೆಲುವೇ ಇಲ್ಲ. ಊರು ಬೆಳೆಯುತ್ತಲೇ ಇರುತ್ತದೆ, ಪಿನ್‌ಗಳು ಹೆಚ್ಚುತ್ತಲೇ ಇರುತ್ತವೆ, ಒಂದು ವಾರ ಯಾವುದೋ ವೃತ್ತ ತುಂಬುತ್ತದೆ. ಎಷ್ಟು ಪ್ರಯಾಣ ಮುಗಿಸಿದೆ ಎಂಬ ಲೆಕ್ಕ ಮಾತ್ರ ಕೈಗೆ ಬರುತ್ತದೆ. ಕೊನೆಯೇ ಇಲ್ಲದಂತೆ ಆಡುವ ಬಗೆಯನ್ನೂ ಆಮೇಲೆ ಸೇರಿಸಿದ್ದಾರೆ. ಕೆಲವು ದಿನ ಆಡಿ ನೋಡಿದೆ. ಪಿನ್ ಎಷ್ಟು ಹೊತ್ತು ಕಾದರೂ ಏನೂ ಆಗುವುದಿಲ್ಲ ಅಂದಮೇಲೆ ರಸ್ತೆ ಹಾಕುವ ಗಮನವೂ ಸಡಿಲವಾಯಿತು. ಮುಗಿಯುವ ಊರಿಗೇ ವಾಪಸ್ ಬಂದೆ.

*ಹೇಳಿದ ಮಾತು ಕೇಳದ ದೇಹ*

ನಾನು ಈ ಆಟ ಆಡುವುದು ಒಂದು ಡಯಾಲಿಸಿಸ್ ಕೇಂದ್ರದ ಹೊರಗಿನ ಬೆಂಚಿನ ಮೇಲೆ. ಅಮ್ಮನಿಗೆ ವಾರಕ್ಕೆ 3 ದಿನ, ಪ್ರತಿ ಸಲ 4 ಗಂಟೆ ಡಯಾಲಿಸಿಸ್. ಇದು ಮೂರನೆಯ ವರ್ಷ. ಕೆಂಗೇರಿಯಿಂದ ಹೊರಟು, ಮೈಸೂರು ರಸ್ತೆಯಲ್ಲಿ ನಾಯಂಡಹಳ್ಳಿ ದಾಟಿ ತಲುಪುವಷ್ಟರಲ್ಲಿ ನಿಜವಾದ ಟ್ರಾಫಿಕ್ ಏನೆಂದು ಗೊತ್ತಾಗಿರುತ್ತದೆ. ಅಲ್ಲಿ ನಾವೂ ಒಂದು ಬಣ್ಣದ ಕಾರು, ಎಲ್ಲೋ ಒಂದು ಪಿನ್ ನಮಗಾಗಿ ಕಾಯುತ್ತಿರುತ್ತದೆ.

ಅಮ್ಮನ ಮೂತ್ರಪಿಂಡ ಮತ್ತೆ ಮೊದಲಿನಂತಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ವಯಸ್ಸು ಮತ್ತು ಹೃದಯದ ಸ್ಥಿತಿ ನೋಡಿ ಕಸಿಯ ಮಾತೂ ಬೇಡ ಎಂದಿದ್ದಾರೆ. ಅಂದರೆ ಇಲ್ಲೂ ಗೆಲುವಿನ ಪುಟ ಇಲ್ಲ. ಈ ವಾರ ಸರಿಹೋದರೆ ಮುಂದಿನ ವಾರ ಹೊಸದೇನೋ ಬರುತ್ತದೆ. ಒಮ್ಮೆ ಬಿಪಿ ಇಳಿಯುತ್ತದೆ, ಒಮ್ಮೆ ಕಾಲು ಊದುತ್ತದೆ, ಒಮ್ಮೆ ಕೈಯ ಫಿಸ್ಟುಲಾ ಸರಿಯಾಗಿ ಕೆಲಸ ಮಾಡುವುದಿಲ್ಲ.

ಇಸಿಪತನದಲ್ಲಿ ಐವರಿಗೆ ಉಪದೇಶಿಸಿದ ಅನತ್ತಲಕ್ಖಣ ಸುತ್ತವನ್ನು ನಾವೆಲ್ಲ ಓದಿದ್ದೇವೆ. ಈ ದೇಹ ನಿಜವಾಗಿ 'ನನ್ನದು', 'ನಾನು' ಆಗಿದ್ದರೆ ಹೀಗಿರು, ಹಾಗಿರಬೇಡ ಎಂದು ಅದಕ್ಕೆ ಅಪ್ಪಣೆ ಕೊಡಬಹುದಿತ್ತು, ಅದು ಬಾಧೆಗೆ ಒಳಗಾಗುತ್ತಿರಲಿಲ್ಲ ಎಂಬುದು ಅದರ ತಿರುಳು. ವರ್ಷಗಟ್ಟಲೆ ಈ ಸುತ್ತವನ್ನು ನಾನು ತತ್ತ್ವವಾಗಿ ಓದಿದ್ದೆ. ಡಯಾಲಿಸಿಸ್ ಯಂತ್ರದ ಮುಂದೆ ಅದು ದಿನನಿತ್ಯದ ಮಾತಾಯಿತು. ದೇಹಕ್ಕೆ ಅಪ್ಪಣೆ ಕೊಡಲಾಗದು. ಅದಕ್ಕೆ ದಾರಿ ಮಾತ್ರ ಹಾಕಿಕೊಡಬಹುದು.

ದಾರಿ ಎಂದರೆ ಏನು? ಕುಡಿಯುವ ನೀರನ್ನು ಬೆಳಿಗ್ಗೆಯೇ ಅಳತೆ ಮಾಡಿ ಒಂದು ಬಾಟಲಿಗೆ ತುಂಬಿಡುವುದು. ಉಪ್ಪು ಕಡಿಮೆ ಹಾಕುವುದು. ಬಾಳೆಹಣ್ಣು, ಎಳನೀರು ಮನೆಗೇ ತರದಿರುವುದು, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಫಿಸ್ಟುಲಾ ಇರುವ ಕೈಯಲ್ಲಿ ಯಾರಿಗೂ ಬಿಪಿ ನೋಡಲು ಬಿಡದಿರುವುದು. ಹೊತ್ತಿಗೆ ಸರಿಯಾಗಿ ಹೊರಡುವುದು. ಇವೆಲ್ಲ ರಸ್ತೆಯ ತುಂಡುಗಳು. ಎಣಿಕೆಯಷ್ಟೇ ಇವೆ. ಕೆಲವು ವಾರ ಎರಡರಲ್ಲಿ ಒಂದನ್ನೇ ಆರಿಸಬೇಕು: ರಜೆ ಹಾಕಿ ಅಮ್ಮನ ಜೊತೆ ಹೋಗುವುದೋ, ಮಗನ ಪರೀಕ್ಷೆಯ ದಿನ ಮನೆಯಲ್ಲಿರುವುದೋ. ಎರಡೂ ಸಿಗುವುದಿಲ್ಲ.

ಒಂದು ದಿನ ಡಯಾಲಿಸಿಸ್ ಮುಗಿದು ಆಟೋಗೆ ಕಾಯುತ್ತಿದ್ದಾಗ ಅಮ್ಮ ಐಪ್ಯಾಡಿನೊಳಗೆ ಇಣುಕಿದರು.

"ಏನೇ ಅದು, ಇಷ್ಟೊಂದು ಕಾರು?"

"ಆಟ ಅಮ್ಮ. ರಸ್ತೆ ಹಾಕೋದು."

"ಯಾವಾಗ ಗೆಲ್ಲೋದು?"

"ಗೆಲ್ಲೋಕೆ ಆಗಲ್ಲ. ಕೊನೇಲಿ ನಿಂತೇ ಹೋಗತ್ತೆ."

ಅಮ್ಮ ಸ್ವಲ್ಪ ಹೊತ್ತು ನೋಡಿದರು. ಮತ್ಯಾಕೆ ಆಡ್ತೀಯ ಎಂದು ಕೇಳುತ್ತಾರೆ ಅಂದುಕೊಂಡೆ. ಅವರು ಸೂಜಿ ಚುಚ್ಚಿದ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು, ಇನ್ನೊಂದು ಕೈಯಿಂದ ತೋರಿಸಿದರು: "ಆ ಕೆಂಪು ಮನೆಯೋರನ್ನ ಹಿಂದಿನಿಂದ ಕಳಿಸೇ. ಮುಂದೆ ಎಲ್ಲಾರೂ ಒಂದೇ ಕಡೆ ನುಗ್ತಾ ಇದಾರೆ."

ಹಾಗೇ ಮಾಡಿದೆ. ಆ ಊರು ಇನ್ನೂ ಎರಡು ವಾರ ನಡೆಯಿತು.

*ಮರಳಿನ ಮನೆ*

ಸಂಯುತ್ತನಿಕಾಯದ ರಾಧ ಸಂಯುತ್ತದಲ್ಲಿ ಸತ್ತ ಸುತ್ತ ಎಂದು ಒಂದಿದೆ. ಭಗವಾನರು ರಾಧ ಭಿಕ್ಖುವಿಗೆ ಮಕ್ಕಳ ಆಟದ ಉಪಮೆ ಕೊಡುತ್ತಾರೆ. ಮಕ್ಕಳು ಮಣ್ಣಿನಲ್ಲಿ ಪುಟ್ಟ ಮನೆ ಕಟ್ಟಿ ಆಡುತ್ತವೆ. ಆ ಮನೆಗಳ ಮೇಲೆ ಆಸೆ, ಮಮತೆ, ಬಾಯಾರಿಕೆ ಇರುವ ತನಕ 'ನನ್ನದು' ಎಂದು ಅಪ್ಪಿಕೊಂಡಿರುತ್ತವೆ. ಆಸೆ ಹೋದಮೇಲೆ ಕೈಕಾಲಿನಿಂದ ತಾವೇ ಚೆದುರಿಸಿಬಿಡುತ್ತವೆ. ಹಾಗೆಯೇ ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಞ್ಞಾಣ ಎಂಬ ಐದು ಖಂಧಗಳನ್ನೂ ಚೆದುರಿಸಿ, ತಣ್ಹೆಯ ಕ್ಷಯಕ್ಕಾಗಿ ಅಭ್ಯಾಸ ಮಾಡು ಎಂಬುದು ಉಪದೇಶ.

ಇದನ್ನು ಓದುವಾಗ ನನಗೆ ಒಂದು ಅಳುಕು ಇತ್ತು. ಅಮ್ಮ ಮರಳಿನ ಮನೆಯೇ? ಚೆದುರಿಸಿಬಿಡುವುದೆಂದರೆ ಅಮ್ಮನ ಕಾಳಜಿ ಬಿಡುವುದೇ? ರೋಗಿಯ ಪಕ್ಕ ಕೂತವರು ಯಾರೇ ಆದರೂ ಈ ಪ್ರಶ್ನೆ ಕೇಳಿಕೊಳ್ಳುತ್ತಾರೆ.

ಉತ್ತರ ಸಿಕ್ಕಿದ್ದು ವಿನಯಪಿಟಕದ ಮಹಾವಗ್ಗದಲ್ಲಿ. ಹೊಟ್ಟೆಯ ಬೇನೆಯಿಂದ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಒಬ್ಬ ಭಿಕ್ಖುವನ್ನು ಬುದ್ಧರು ಕಾಣುತ್ತಾರೆ. ಅವನಿಂದ ತಮಗೇನೂ ಉಪಯೋಗವಿಲ್ಲ ಎಂದು ಉಳಿದವರು ನೋಡಿಕೊಂಡಿರುವುದಿಲ್ಲ. ಆನಂದರು ನೀರು ತರುತ್ತಾರೆ, ಇಬ್ಬರೂ ಸೇರಿ ಅವನನ್ನು ತೊಳೆದು, ಎತ್ತಿ ಮಂಚದ ಮೇಲೆ ಮಲಗಿಸುತ್ತಾರೆ. ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂಬ ಮಾತು ಬರುವುದು ಅಲ್ಲೇ. ತಣ್ಹೆಯನ್ನು ಪೂರ್ತಿ ಕಳೆದುಕೊಂಡವರ ಕೈಗಳೇ ಆ ದಿನ ರೋಗಿಯ ಮೈ ತೊಳೆದವು. ತಣ್ಹೆ ಹೋದರೆ ಕಾಳಜಿ ಹೋಗುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಅದೇ ಪ್ರಸಂಗದಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆ ಇರಬೇಕಾದ ಐದು ಗುಣಗಳನ್ನು ಹೇಳಿದೆ. ಔಷಧ ಸಿದ್ಧಪಡಿಸಲು ಬರಬೇಕು. ಯಾವುದು ಹಿತ, ಯಾವುದು ಅಹಿತ ಎಂದು ತಿಳಿದು ಹಿತವಾದದ್ದನ್ನು ಕೊಡಬೇಕು. ಲಾಭಕ್ಕಾಗಿ ಮಾಡದೆ ಮೈತ್ರಿಯಿಂದ ಮಾಡಬೇಕು. ಮಲ, ಮೂತ್ರ, ಉಗುಳು, ವಾಂತಿ ಎತ್ತಲು ಅಸಹ್ಯಪಡಬಾರದು. ಹೊತ್ತುಹೊತ್ತಿಗೆ ಧಮ್ಮದ ಮಾತಿನಿಂದ ರೋಗಿಗೆ ಉತ್ಸಾಹ ತುಂಬಬೇಕು.

ಈ ಐದನ್ನೂ ಇನ್ನೊಮ್ಮೆ ಓದಿ ನೋಡಿ. ರೋಗಿಯನ್ನು ಗುಣಪಡಿಸಿಯೇ ತೀರಬೇಕು ಎಂಬ ಆರನೆಯದು ಇಲ್ಲ. ಐದೂ ದಾರಿ ಹಾಕುವ ಕೆಲಸಗಳೇ. ಫಲ ಎಷ್ಟು ವಾರ ಎಂಬುದು ಪಟ್ಟಿಯ ಹೊರಗಿದೆ. ನಾನು ಆ ಬೆಂಚಿನ ಮೇಲೆ ಕೂತು ಹೊರುತ್ತಿದ್ದ ಭಾರದಲ್ಲಿ ಹೆಚ್ಚಿನದು ಆ ಆರನೆಯದರದ್ದು. ಅದನ್ನು ಯಾರೂ ನನಗೆ ಹೊರಿಸಿರಲಿಲ್ಲ.

ಮರಳಿನ ಮನೆ ಎಂದರೆ "ಇದು ಹೀಗೇ ನಿಲ್ಲಬೇಕು" ಎಂಬ ನನ್ನ ಹಟ. ಚೆದುರಿಸಬೇಕಾದದ್ದು ಅದನ್ನೇ. ಅಮ್ಮನಿಗೆ ನೀರಿನ ಬಾಟಲಿ ತುಂಬಿಡುವ ಕೈಯನ್ನು ಚೆದುರಿಸು ಎಂದು ಯಾವ ಸುತ್ತವೂ ಹೇಳುವುದಿಲ್ಲ.

*ಒಂದು ಎಚ್ಚರಿಕೆ*

ಆಟ ಇಷ್ಟು ಕಲಿಸಿತು ಎಂದು ಆಟವನ್ನೇ ಧಮ್ಮ ಅಂದುಕೊಳ್ಳುವುದು ಬೇಡ. ಅದರಲ್ಲಿ ಪಿನ್‌ಗೆ ನೋವಿಲ್ಲ, ಕಾರಿನೊಳಗೆ ಮುಖವಿಲ್ಲ. ಊರು ನಿಂತರೆ ಬೆರಳು ತಾಗಿಸಿದೊಡನೆ ಹೊಸ ಊರು ಹುಟ್ಟುತ್ತದೆ. ಬಾಳಿನಲ್ಲಿ ಅಳಿಸಿದ ರಸ್ತೆ ಕೈಗೆ ವಾಪಸ್ ಬರುವುದಿಲ್ಲ, ಕಳೆದ ವಾರ ಕಳೆದದ್ದೇ. ಕಾಯುವ ಹೊತ್ತಿನಲ್ಲಿ ಮನಸ್ಸನ್ನು ನೋಡಿಕೊಳ್ಳಲು ಆಟ ನೆರವಾದರೆ ಸರಿ. ಪಕ್ಕದಲ್ಲಿ ಕೂತವರನ್ನು ಮರೆಸಿದರೆ, ಅದೇ ಪಮಾದ.

*ಇಂದಿನ ಅಭ್ಯಾಸ*

1️⃣ ಮೊಬೈಲ್ ಆಟ ಆಡುವವರು ಇವತ್ತು ಸೋಲುವ ಕ್ಷಣವನ್ನು ಗಮನಿಸಿ. ವೃತ್ತ ತುಂಬುವಾಗ ದವಡೆ, ಭುಜ, ಉಸಿರು ಹೇಗಿವೆ? ಸ್ಪರ್ಶದಿಂದ ವೇದನೆ, ವೇದನೆಯಿಂದ ತಣ್ಹೆ ಎಂಬ ಕೊಂಡಿ ಅಲ್ಲೇ ಕಾಣಿಸುತ್ತದೆ. ಸೋತ ಮೇಲೆ ತಕ್ಷಣ ಇನ್ನೊಂದು ಊರು ಶುರು ಮಾಡಬೇಡಿ. ಮೂರು ಉಸಿರು ಎಣಿಸಿ, ಆಮೇಲೆ ನಿರ್ಧರಿಸಿ.

2️⃣ ಆಟ ಆಡದವರು ಸಿಗ್ನಲ್‌ನಲ್ಲಿ ನಿಂತಾಗ ಇದನ್ನೇ ಮಾಡಬಹುದು. ಮುಂದಿನ ಗಾಡಿಗೆ ಅಪ್ಪಣೆ ಕೊಡುವ ಮನಸ್ಸನ್ನು ಒಮ್ಮೆ ನೋಡಿ.

3️⃣ ನಿಮ್ಮನ್ನು ಈಗ ಕಾಡುತ್ತಿರುವ ಒಂದು ಸಂಗತಿಯನ್ನು ಹಾಳೆಯ ಮೇಲೆ ಬರೆಯಿರಿ. ಎಡಗಡೆ ನೀವು ಹಾಕಬಹುದಾದ ದಾರಿಗಳು. ಬಲಗಡೆ ನಿಮ್ಮ ಅಪ್ಪಣೆ ಕೇಳದ ಸಂಗತಿಗಳು. ಎಡಗಡೆಯ ಒಂದನ್ನು ಇವತ್ತೇ ಮಾಡಿ.

4️⃣ ನಮ್ಮ ಬಳಗದಲ್ಲೂ ರೋಗಿಗಳ ಪಕ್ಕ ಕೂತವರು ಇದ್ದಾರೆ. ಯಾರೆಂದು ನಿಮಗೆ ಗೊತ್ತಿದ್ದರೆ ಇವತ್ತು ಒಂದು ಫೋನ್ ಮಾಡಿ. "ಹೇಗಿದ್ದಾರೆ?" ಎಂದು ಕೇಳಿದ ಮೇಲೆ "ನೀವು ಊಟ ಮಾಡಿದಿರಾ?" ಎಂದೂ ಕೇಳಿ.

ರೋಗದಲ್ಲಿರುವವರಿಗೆ ನೋವು ಕಡಿಮೆಯಾಗಲಿ. ಅವರನ್ನು ನೋಡಿಕೊಳ್ಳುವವರಿಗೆ ಬಲ ಬರಲಿ. ಎಲ್ಲರಿಗೂ ಮಂಗಳವಾಗಲಿ.

ಸಾಧು, ಸಾಧು, ಸಾಧು 🙏